ಕೀಲೆಣ್ಣೆಯ ಕೈಗೆ ಇಂಜಿನ್ ಆಯಿಲು

ಅರಸೀಕೆರೆ–ಚನ್ನರಾಯಪಟ್ಟಣ ರಸ್ತೆಯೂ ತಿಪಟೂರು–ಹಾಸನ ರಸ್ತೆಯೂ ಕೂಡುವ ಜಾಗ ಗಂಡಸಿ ಹ್ಯಾಂಡ್ ಪೋಸ್ಟ್. ಗಂಡಸಿ ಅರಸೀಕೆರೆ ತಾಲ್ಲೂಕಿನ ಐದು ಹೋಬಳಿಗಳಲ್ಲೊಂದು. 2008ರ ಮರುವಿಂಗಡಣೆಗೆ ಮುಂಚೆ ಅದರ ಹೆಸರಿನಲ್ಲೇ ಒಂದು ವಿಧಾನಸಭಾ ಕ್ಷೇತ್ರವೂ ಇತ್ತು. ಸುತ್ತಲೂ ತೆಂಗು, ರಾಗಿ. ಒಂದು ಕಡೆ ತಿಪಟೂರಿನ ಕೊಬ್ಬರಿ ಮಾರುಕಟ್ಟೆ, ಇನ್ನೊಂದು ಕಡೆ ಬೇಲೂರು–ಹಳೇಬೀಡಿನ ಗುಡಿಗಳು. ಹೀಗೆ ನಾಲ್ಕು ದಿಕ್ಕಿನ ಗಾಡಿಗಳು ಸೇರುವ ಕಡೆ ಮೊದಲು ಹೋಟೆಲು ಬರುತ್ತದೆ, ಆಮೇಲೆ ಪಂಕ್ಚರ್ ಅಂಗಡಿ, ಅದರ ಪಕ್ಕಕ್ಕೆ ಮೆಕ್ಯಾನಿಕ್ ಶೆಡ್ಡು. ಶೆಡ್ಡಿನ ಮುಂದಿನ ನೆಲ ಕಪ್ಪಾಗಿಲ್ಲ ಎಂದರೆ ಅಲ್ಲಿ ಕೆಲಸ ನಡೆಯುತ್ತಿಲ್ಲ ಎಂದೇ ಲೆಕ್ಕ.

ಆ ಕಪ್ಪು ಕಲೆಗೂ ಒಂದು ಚರಿತ್ರೆಯಿದೆ. ಎತ್ತಿನ ಗಾಡಿಗೆ ಎಣ್ಣೆ ಜಾಸ್ತಿಯಾದರೆ ಹಾಳಾಗುವುದು ಎಣ್ಣೆ ಮಾತ್ರ. ಕಾರಿಗೆ ಜಾಸ್ತಿಯಾದರೆ ಹಾಳಾಗುವುದು ಇಂಜಿನ್ನು. ಕೇಳಲು ಸಣ್ಣ ವಿಷಯ. ಆದರೆ ಗಾಡಿ ಹೊಡೆದ ಕೈಯೇ ಮುಂದೆ ಸ್ಟೇರಿಂಗ್ ಹಿಡಿದ ಸೀಮೆಯಲ್ಲಿ ಇದು ತಲೆಗಿಳಿಯಲು ಎರಡು ತಲೆಮಾರು ಹಿಡಿಯಿತು. ಹಳೆಯ ಅಂಬಾಸಿಡರ್ ಇಟ್ಟುಕೊಂಡಿರುವ ಎಷ್ಟೋ ಮನೆಗಳಲ್ಲಿ ಇನ್ನೂ ಇಳಿದಿಲ್ಲ.

ಮೊದಲು ಗಾಡಿಯ ಮಾತು. ಹಳೇ ಮೈಸೂರು ಸೀಮೆಯ ರಾಗಿ ಹೊಲಗಳಲ್ಲಿ ಅಕ್ಕಡಿ ಸಾಲಿಗೆ ಅವರೆ, ತೊಗರಿಯ ಜೊತೆ ಹರಳನ್ನೂ ಹಾಕುವ ರೂಢಿಯಿತ್ತು. 1800–01ರಲ್ಲಿ ಮೈಸೂರು ರಾಜ್ಯ ಸುತ್ತಿದ ಫ್ರಾನ್ಸಿಸ್ ಬುಕಾನನ್ ಹರಳಿನ ಬೆಳೆಯನ್ನೂ ಅದರ ಎಣ್ಣೆಯನ್ನೂ ಬಿಡದೆ ಬರೆದುಕೊಂಡಿದ್ದಾನೆ. ಬೀಜ ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ಮೇಲೆ ತೇಲಿದ್ದನ್ನು ತೆಗೆದರೆ ಹರಳೆಣ್ಣೆ. ಅದು ದೀಪಕ್ಕೂ ಆಯಿತು, ತಲೆಗೂ ಆಯಿತು, ಮಗುವಿನ ಹೊಟ್ಟೆಗೂ ಆಯಿತು; ಉಳಿದದ್ದು ಗಾಡಿಗೆ. ಹುಲ್ಲು ಸುಟ್ಟ ಕರಿಯನ್ನು ಅದರಲ್ಲಿ ಕಲಸಿದರೆ ಕೀಲೆಣ್ಣೆ ತಯಾರು. ಬಿದಿರಿನ ಗೊಟ್ಟಕ್ಕೆ ತುಂಬಿ ಗಾಡಿಯ ಅಡಿಗೆ ನೇತುಹಾಕಿದರೆ ಜಾತ್ರೆಗೆ ಹೋಗಿ ಬರುವವರೆಗೆ ಚಿಂತೆಯಿಲ್ಲ. ಕಡಾಣಿ ಕಿತ್ತು, ಚಕ್ರವನ್ನು ಅಚ್ಚಿನ ತುದಿಗೆ ಎಳೆದು, ಕಡ್ಡಿಗೆ ಸುತ್ತಿದ ಬಟ್ಟೆಯಿಂದ ಬಳಿದು, ಚಕ್ರ ಒಳಕ್ಕೆ ತಳ್ಳಿ ಕಡಾಣಿ ಹಾಕಿದರೆ ಮುಗಿಯಿತು. ಹೆಚ್ಚಾದದ್ದು ಗುಂಬದ ಸಂದಿಯಿಂದ ತಾನೇ ಹೊರಬಂದು ರಸ್ತೆಗೆ ಬೀಳುತ್ತಿತ್ತು. ಬಿದ್ದರೆ ಬೀಳಲಿ. ಒಣಗಿದ ಅಚ್ಚು ಕಿರುಗುಟ್ಟಿದರೆ ಮಾತ್ರ ಊರವರು ಬೈಯುತ್ತಿದ್ದರು. ಎಣ್ಣೆ ಸೋರುವ ಗಾಡಿಯನ್ನು ಯಾರೂ ಬೈದದ್ದಿಲ್ಲ; ಅದರ ಯಜಮಾನ ಎತ್ತುಗಳ ಮೇಲೆ ಕರುಣೆಯುಳ್ಳವನು ಎಂದೇ ಅರ್ಥ.

ತೆಂಗಿನ ಸೀಮೆಯಲ್ಲಿ ಕೀಲಿಗೆ ಕೊಬ್ಬರಿ ಎಣ್ಣೆ ಏಕೆ ಹಾಕಲಿಲ್ಲ ಎಂದು ಕೇಳಬಹುದು. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಾರ್ಗಶಿರದ ಬೆಳಗಿನ ಜಾವ ಅರಸೀಕೆರೆ ಬಯಲಿನಲ್ಲಿ ಗಾಡಿ ಕಟ್ಟಿದವನಿಗೆ ಅದು ಯಾವ ಉಪಯೋಗಕ್ಕೂ ಬಾರದು. ಬೆಲೆಯ ಮಾತು ಬೇರೆಯೇ ಇತ್ತು. ಹರಳೆಣ್ಣೆ ಚಳಿಗೆ ಹೆದರುವುದಿಲ್ಲ, ದಪ್ಪವಾಗಿದ್ದು ಲೋಹಕ್ಕೆ ಅಂಟಿಕೊಂಡೇ ಇರುತ್ತದೆ.

ಈ ಗುಣವನ್ನು ಹಳ್ಳಿಯವರಷ್ಟೇ ಕಂಡುಕೊಂಡದ್ದಲ್ಲ. ಭಾರತದ ರೈಲ್ವೆಗಳು ಮೊದಲ ದಶಕಗಳಲ್ಲಿ ಗಾಲಿಯ ಕೀಲಿಗೂ ದೀಪಕ್ಕೂ ಹರಳೆಣ್ಣೆಯನ್ನೇ ನಂಬಿದ್ದವು. 1899ರಲ್ಲಿ ಲಂಡನ್ನಿನಲ್ಲಿ ಎಣ್ಣೆ ವ್ಯಾಪಾರ ಶುರುಮಾಡಿದ ಚಾರ್ಲ್ಸ್ ವೇಕ್‌ಫೀಲ್ಡ್ ಖನಿಜ ತೈಲಕ್ಕೆ ಹರಳೆಣ್ಣೆ ಬೆರೆಸಿ 1909ರಲ್ಲಿ ಮಾರುಕಟ್ಟೆಗೆ ಬಿಟ್ಟ ಸರಕೇ ಕ್ಯಾಸ್ಟ್ರಾಲ್. ಮೊದಲ ಮಹಾಯುದ್ಧದ ವಿಮಾನಗಳಲ್ಲಿ, ಸಿಲಿಂಡರುಗಳೇ ಗಿರಗಿರ ತಿರುಗುವ ನೋಮ್ ಮತ್ತು ಲೆ ರೋನ್ ಇಂಜಿನ್ನುಗಳಿಗೆ, ಪೆಟ್ರೋಲಿನಲ್ಲಿ ಕರಗದ ಎಣ್ಣೆ ಬೇಕಾಗಿತ್ತು. ಹರಳೆಣ್ಣೆ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಆ ಇಂಜಿನ್ನು ಎಣ್ಣೆಯನ್ನು ಉಪಯೋಗಿಸಿ ಹೊರಕ್ಕೆ ಚೆಲ್ಲಿಬಿಡುತ್ತಿತ್ತು. ಅದರ ಮಂಜು ಪೈಲಟ್ಟಿನ ಮುಖಕ್ಕೆ, ಮೂಗಿಗೆ, ಬಾಯಿಗೆ. ಹಾರಾಟ ಮುಗಿಸಿ ಇಳಿದವನು ನೇರವಾಗಿ ಪಾಯಿಖಾನೆಗೆ ಓಡುತ್ತಿದ್ದ ಎಂಬ ಕಥೆಗಳು ಹುಟ್ಟಿದ್ದು ಹಾಗೆ. ಯುದ್ಧಕ್ಕಿಳಿದ ಅಮೆರಿಕ 1917–18ರಲ್ಲಿ ಬೊಂಬಾಯಿಯಿಂದ ಹರಳು ಬೀಜ ತರಿಸಿ ತನ್ನ ದಕ್ಷಿಣ ರಾಜ್ಯಗಳಲ್ಲಿ ಬಿತ್ತಿಸಿತು.

ಅಂದರೆ ಆ ಕಾಲಕ್ಕೆ ವಿಮಾನವೂ ಎತ್ತಿನ ಗಾಡಿಯೂ ಒಂದೇ ನೇಮದಲ್ಲಿ ಓಡುತ್ತಿದ್ದವು: ಎಣ್ಣೆ ಹಾಕು, ಅದು ಸೋರಿ ಹೋಗಲಿ, ಮತ್ತೆ ಹಾಕು. ಸೋರುವುದು ದೋಷವೇ ಆಗಿರಲಿಲ್ಲ. ಎಣ್ಣೆಯನ್ನು ಡಬ್ಬಿಯೊಳಗೆ ಕೂಡಿಹಾಕಿ, ಅದನ್ನೇ ಮತ್ತೆಮತ್ತೆ ಸುತ್ತಿಸುವ ಇಂಜಿನ್ನು ಬಂದ ಮೇಲೆಯೇ ‘ಇಷ್ಟಕ್ಕಿಂತ ಹೆಚ್ಚು ಕೂಡದು’ ಎಂಬ ಗೆರೆ ಹುಟ್ಟಿದ್ದು.

ಆ ಗೆರೆಯ ಮೊದಲ ರೂಪ ತಮಾಷೆಯಾಗಿತ್ತು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿಗೆ ಗೇಜ್ ಕಡ್ಡಿಯೇ ಇರಲಿಲ್ಲ. ಫ್ಲೈವೀಲಿನ ಮನೆಗೆ ಮೇಲೊಂದು ಕೆಳಗೊಂದು ಪುಟ್ಟ ನಲ್ಲಿ. ಕಾರಿನಡಿಗೆ ತೂರಿ ಮೇಲಿನ ನಲ್ಲಿ ತಿರುಗಿಸಿ ಎಣ್ಣೆ ಬಂದರೆ ತುಂಬಿದೆ ಎಂದು ಅರ್ಥ. ಕೆಳಗಿನದರಲ್ಲೂ ಬಾರದಿದ್ದರೆ ಖಾಲಿ. ಹೆಚ್ಚು ಹಾಕಿಬಿಟ್ಟಿದ್ದರೆ ಮೇಲಿನ ನಲ್ಲಿಯನ್ನು ತೆರೆದೇ ಬಿಟ್ಟು, ಸುರಿಯುವುದು ನಿಂತಾಗ ಮುಚ್ಚಿದರೆ ಸಾಕು. ಹೆಚ್ಚಾದ ಎಣ್ಣೆಗೆ ಇಷ್ಟು ಸುಲಭದ ದಾರಿಯನ್ನು ಆಮೇಲೆ ಬಂದ ಯಾವ ಕಾರೂ ಕೊಟ್ಟಂತಿಲ್ಲ.

ಮೋಟಾರು ಈ ಸೀಮೆಗೆ ಬಂದದ್ದು ರೈಲಿನ ಬೆನ್ನಿಗೆ. ಬೆಂಗಳೂರಿನಿಂದ ಹರಿಹರದ ಕಡೆಗೆ ಹೋಗುವ ಹಳಿ 1880ರ ದಶಕದಲ್ಲಿ ಅರಸೀಕೆರೆಯನ್ನು ಮುಟ್ಟಿತು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಮೈಸೂರಿನಿಂದ ಹಾಸನದ ಮೇಲೆ ಬಂದ ಹಳಿಯೂ ಅಲ್ಲೇ ಸೇರಿ ಜಂಕ್ಷನ್ ಆಯಿತು. ಬೇಲೂರಿಗೂ ಹಳೇಬೀಡಿಗೂ ಮಾತ್ರ ರೈಲಿಲ್ಲ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನನ್ನು ನೋಡಬೇಕಾದವರು ಅರಸೀಕೆರೆಯಲ್ಲೋ ಬಾಣಾವರದಲ್ಲೋ ಹಾಸನದಲ್ಲೋ ಇಳಿದು ಗಾಡಿ ಹಿಡಿಯಬೇಕು. ಮೊದಲು ಎತ್ತಿನ ಗಾಡಿ, ಜಟಕಾ. ಆಮೇಲೆ ಖಾಸಗಿ ಬಸ್ಸು, ಬಾಡಿಗೆ ಕಾರು. ರೈಲಿಳಿದವರನ್ನು ಕಾಯುತ್ತಾ ನಿಂತ ಗಾಡಿಗಳ ಸಾಲಿನಿಂದಲೇ ಇಲ್ಲಿನ ಡ್ರೈವರುಗಳು, ಕ್ಲೀನರುಗಳು, ಮೆಕ್ಯಾನಿಕ್‌ಗಳು ಹುಟ್ಟಿಕೊಂಡರು. ಶಾಲೆ, ಪುಸ್ತಕ ಏನೂ ಇಲ್ಲ. ಕ್ಲೀನರ್ ಆಗಿ ಸೇರಿದ ಹುಡುಗ ನೀರು ನೋಡು, ಆಯಿಲ್ ನೋಡು ಎಂಬೆರಡು ಮಾತಿನಿಂದ ಶುರುಮಾಡಿ ಹತ್ತು ವರ್ಷಕ್ಕೆ ಮೇಸ್ತ್ರಿಯಾಗುತ್ತಿದ್ದ.

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದು ಬಸ್ಸಿನ ಹಿಂದೆ ಇದ್ದಿಲಿನ ಗ್ಯಾಸ್ ಒಲೆ ಏರಿತು. ಅದರ ಬೂದಿ ಇಂಜಿನ್ನಿನೊಳಗೆ ಹೋಗಿ ಬೋರು ಸವೆಯಿತು, ಆಯಿಲು ಕೆಸರಾಯಿತು. ಸವೆದ ಇಂಜಿನ್ ಆಯಿಲ್ ಕುಡಿಯುತ್ತದೆ. ಕುಡಿಯುವ ಇಂಜಿನ್ನಿಗೆ ಸುರಿಯುತ್ತಲೇ ಇರಬೇಕು. ‘ಒಂದು ಪಾವು ಜಾಸ್ತಿಯೇ ಇರಲಿ’ ಎಂಬ ಅಭ್ಯಾಸ ಕೀಲೆಣ್ಣೆಯ ಕಾಲದಿಂದ ಇದ್ದದ್ದು ಈ ವರ್ಷಗಳಲ್ಲಿ ಇನ್ನೂ ಗಟ್ಟಿಯಾಯಿತು. ಯುದ್ಧ ಮುಗಿದು, 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾದಾಗ ಡಿಪೋ ಎಂಬ ಹೊಸ ಶಿಸ್ತು ಬಂತು. ಆದರೆ ಡಿಪೋದ ಶಿಸ್ತು ಡಿಪೋದ ಗೋಡೆಯೊಳಗೇ ಉಳಿಯಿತು. ಕೂಡುರಸ್ತೆಯ ಶೆಡ್ಡುಗಳು ತಮ್ಮ ದಾರಿಯಲ್ಲೇ ನಡೆದವು.

ಅಳತೆಯ ಗೊಂದಲವೂ ಕಮ್ಮಿಯೇನಿರಲಿಲ್ಲ. ಹಳ್ಳಿಯ ಎಣ್ಣೆ ಸೇರು–ಪಾವಿನಲ್ಲಿ, ಸೀಮೆಎಣ್ಣೆ ನಾಲ್ಕು ಗ್ಯಾಲನ್ನಿನ ತಗಡಿನ ಡಬ್ಬದಲ್ಲಿ, ಬ್ರಿಟಿಷ್ ಕಾರಿನ ಪುಸ್ತಕ ಪಿಂಟಿನಲ್ಲಿ, ಅಮೆರಿಕದ ಜೀಪಿನ ಪುಸ್ತಕ ಕ್ವಾರ್ಟಿನಲ್ಲಿ. ಮಹೀಂದ್ರ ಕಂಪನಿ 1947ರಿಂದ ಭಾರತದಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿತು; ಸಕಲೇಶಪುರ, ಬೇಲೂರು ಕಡೆಯ ಕಾಫಿ ತೋಟಗಳಿಗೆ ಅದಕ್ಕಿಂತ ಹೊಂದುವ ಗಾಡಿ ಬೇರೆ ಇರಲಿಲ್ಲ. ಯುದ್ಧಕಾಲದ ವಿಲ್ಲಿಸ್ ಜೀಪಿನ ಇಂಜಿನ್ನಿನಡಿಯ ಎಣ್ಣೆ ತೊಟ್ಟಿಗೆ, ಅಂದರೆ ಚೇಂಬರಿಗೆ, ನಾಲ್ಕು ಕ್ವಾರ್ಟ್ ಆಯಿಲು. ಅಮೆರಿಕದ ಕ್ವಾರ್ಟ್ ಎಂದರೆ 0.946 ಲೀಟರ್, ಇಲ್ಲಿ ಅಂಗಡಿಯಲ್ಲಿದ್ದ ಬ್ರಿಟಿಷ್ ಕ್ವಾರ್ಟ್ ಎಂದರೆ 1.136 ಲೀಟರ್. ಪುಸ್ತಕ ನೋಡಿ ಪ್ರಾಮಾಣಿಕವಾಗಿ ಅಳೆದು ಹಾಕಿದವನೂ ಮುಕ್ಕಾಲು ಲೀಟರ್ ಜಾಸ್ತಿ ಸುರಿದಿರುತ್ತಾನೆ! 1956ರ ಕಾಯಿದೆಯ ಬಲದಿಂದ ಲೀಟರು ಹಂತಹಂತವಾಗಿ ಜಾರಿಗೆ ಬಂದು 1960ರ ದಶಕದ ಆರಂಭಕ್ಕೆ ಈ ಗೋಜಲು ಮುಗಿಯಿತು. ಆದರೆ ಪುಸ್ತಕಗಳು ಹಳೆಯವೇ, ಕಾರುಗಳೂ ಹಳೆಯವೇ.

ಇನ್ನು ಅಂಬಾಸಿಡರ್. ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಮಾದರಿಯ ಅಚ್ಚುಗಳನ್ನು ತಂದು ಹಿಂದೂಸ್ತಾನ್ ಮೋಟಾರ್ಸ್ 1950ರ ದಶಕದ ಕೊನೆಯಲ್ಲಿ ಬಂಗಾಳದ ಉತ್ತರಪಾರಾದಲ್ಲಿ ಶುರುಮಾಡಿದ ಈ ಕಾರು 2014ರ ಮೇ ತಿಂಗಳವರೆಗೆ ಹೊರಬಂತು. ತಹಸೀಲ್ದಾರರ ಕಚೇರಿ ಮುಂದೆ, ಮದುವೆ ಮನೆ ಮುಂದೆ, ಹಳೇಬೀಡಿನ ಹೊಯ್ಸಳೇಶ್ವರನ ಗುಡಿ ಮುಂದೆ ಟೂರಿಸ್ಟ್ ಟ್ಯಾಕ್ಸಿಯಾಗಿ ನಿಂತದ್ದೆಲ್ಲ ಅದೇ. ನಿಂತ ಕಡೆಯೆಲ್ಲ ಅದು ಒಂದು ಗುರುತು ಬಿಟ್ಟು ಹೋಗುತ್ತಿತ್ತು: ಇಂಜಿನ್ ಮತ್ತು ಗೇರ್ ಬಾಕ್ಸ್ ಕೂಡುವ ಜಾಗದ ಕೆಳಗೆ, ಒಂದು ರೂಪಾಯಿ ಅಗಲದ ಎಣ್ಣೆ ಕಲೆ.

ಅದರ ಕಾರಣ ತಿಳಿಯಲು ಕಾರಿನಡಿಗೆ ಇಳಿಯಬೇಕು. ಅಂಬಾಸಿಡರಿಗೆ 1959ರ ಸುಮಾರಿಗೆ ಬಂದ 1489 ಸಿಸಿ ಇಂಜಿನ್ನು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಸರಣಿಯದು. ಅದರ ಕ್ರ್ಯಾಂಕ್ ಶಾಫ್ಟಿನ ಹಿಂದಿನ ತುದಿಗೆ, ಇವತ್ತಿನ ಕಾರುಗಳಲ್ಲಿರುವಂತೆ ರಬ್ಬರಿನ ಆಯಿಲ್ ಸೀಲ್ ಇಲ್ಲ. ಶಾಫ್ಟಿನ ಮೈಮೇಲೆ ಸ್ಕ್ರೂವಿನ ಮರೆಯಂಥ ಒಂದು ತೋಡನ್ನು ಕೊರೆದಿದ್ದಾರೆ, ಅಷ್ಟೇ. ಶಾಫ್ಟು ತಿರುಗಿದಂತೆ ಆ ಮರೆ ಎಣ್ಣೆಯನ್ನು ವಾಪಸು ಒಳಕ್ಕೆ, ಚೇಂಬರಿನ ಕಡೆಗೆ ನೂಕುತ್ತದೆ. ಯಾವುದೂ ಯಾವುದಕ್ಕೂ ತಾಗುವುದಿಲ್ಲ, ಹಾಗಾಗಿ ಸವೆಯುವ ರಬ್ಬರೂ ಇಲ್ಲ. ಜಾಣತನದ ಕೆಲಸವೇ. ತೊಂದರೆ ಏನೆಂದರೆ, ತಿರುಗುವುದು ನಿಂತ ಕೂಡಲೇ ನೂಕುವುದೂ ನಿಲ್ಲುತ್ತದೆ. ಮೂತಿ ಮೇಲಾಗಿ ಏರಿನಲ್ಲಿ ನಿಲ್ಲಿಸಿದರೆ ಎಣ್ಣೆ ಹಿಂದಕ್ಕೆ ಜಾರಿ ಸಂದಿಯಲ್ಲಿ ಇಳಿಯುತ್ತದೆ. ಬೇರಿಂಗ್ ಸವೆದು ಸಂದಿ ದೊಡ್ಡದಾದರೆ ಇನ್ನಷ್ಟು. ತಯಾರಕರಿಗೂ ಇದು ಗೊತ್ತಿತ್ತು. ಆ ಮನೆತನದ ಇಂಜಿನ್ನುಗಳಲ್ಲಿ ಕ್ಲಚ್ಚಿನ ಮನೆಯ ತಳಕ್ಕೆ ಒಂದು ತೂತು ಬಿಟ್ಟು, ಅದರಲ್ಲಿ ಒಂದು ಸ್ಪ್ಲಿಟ್ ಪಿನ್ ಸಡಿಲವಾಗಿ ಇಳಿಬಿಟ್ಟಿರುತ್ತಾರೆ. ಗಾಡಿ ಓಡುವಾಗ ಪಿನ್ ಅಲ್ಲಾಡಿ ತೂತು ಕಟ್ಟದಂತೆ ನೋಡಿಕೊಳ್ಳುತ್ತದೆ. ಎಣ್ಣೆ ಕ್ಲಚ್ ಪ್ಲೇಟಿಗೆ ಹತ್ತದೆ ನೆಲಕ್ಕೆ ಬೀಳುತ್ತದೆ. ಸೋರುವುದು ಖಂಡಿತ, ಸೋರುವುದಾದರೆ ಇಲ್ಲಿ ಸೋರಲಿ ಎಂದು ಮೊದಲೇ ದಾರಿ ಮಾಡಿಟ್ಟ ವ್ಯವಸ್ಥೆ ಇದು. ಆ ಪಿನ್ನಿನ ತುದಿಯಲ್ಲಿ ಒಂದು ಹನಿ ನೇತಾಡುತ್ತಿದ್ದರೆ ಅನುಭವಸ್ಥ ಮೇಸ್ತ್ರಿ ತಲೆಕೆಡಿಸಿಕೊಳ್ಳುವುದಿಲ್ಲ. ಹನಿ ಧಾರೆಯಾದಾಗ ಮಾತ್ರ ಬಾನೆಟ್ ಎತ್ತುತ್ತಾನೆ.

ಇಲ್ಲೊಂದು ಅಡ್ಡಮಾತು. ಕಲ್ಲನ್ನು ತಿರುಗಿಸಿ ಕಡೆದ ನುಣುಪು ಕಂಬಗಳಿಗೆ ಹೆಸರಾದ ಬೇಲೂರು–ಹಳೇಬೀಡು ಇರುವ ಜಿಲ್ಲೆಯಲ್ಲಿ ಶಾಫ್ಟ್ ಕಡೆಯುವ ಲೇತು ಬಂದದ್ದು ತೀರಾ ತಡವಾಗಿ. ಇದೇ ರೈಲು ದಾರಿಯ ಮೇಲಿನ ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಲೇತುಗಳನ್ನು ಮಾಡತೊಡಗಿದ ಮೇಲೆ ಕ್ರ್ಯಾಂಕ್ ಗ್ರೈಂಡಿಂಗ್, ಬೋರಿಂಗ್ ಕೆಲಸ ಜಿಲ್ಲಾ ಕೇಂದ್ರಗಳಿಗೆ ನಿಧಾನಕ್ಕೆ ಇಳಿಯಿತು. ಅಲ್ಲಿಯವರೆಗೆ, ಎಷ್ಟೋ ಕಡೆ ಅದಾದ ಮೇಲೂ, ಸೋರುವ ಇಂಜಿನ್ನಿಗೆ ಶೆಡ್ಡಿನಲ್ಲಿ ಸಿಗುತ್ತಿದ್ದ ಮದ್ದು ಬೆಂಡಿನ ಪ್ಯಾಕಿಂಗು, ಅದಕ್ಕೆ ಬಳಿಯಲು ಶೆಲ್ಲಾಕು, ಚೇಂಬರ್ ಕಲ್ಲಿಗೆ ಬಡಿದು ಬಿರುಕು ಬಿಟ್ಟಿದ್ದರೆ ಎಂಸೀಲು. ಪೆಟ್ರೋಲ್ ಟ್ಯಾಂಕಿಗೆ ಬಟ್ಟೆ ಸೋಪು. ಪ್ಯಾಕಿಂಗ್ ಸೋರುತ್ತದೆಂದು ಬೋಲ್ಟನ್ನು ಬಿಗಿದೂ ಬಿಗಿದೂ ತಗಡಿನ ಚೇಂಬರಿನ ಅಂಚನ್ನೇ ಸೊಟ್ಟ ಮಾಡಿ ಮತ್ತಷ್ಟು ಸೋರಿಸಿದವರು ಲೆಕ್ಕವಿಲ್ಲ.

ಆದರೆ ಅರ್ಧಕ್ಕರ್ಧ ಸೋರಿಕೆಗೆ ಮೂಲ ಪ್ಯಾಕಿಂಗೂ ಅಲ್ಲ, ಸೀಲೂ ಅಲ್ಲ. ಹೆಚ್ಚು ಸುರಿದ ಆಯಿಲು ಮತ್ತು ಕಟ್ಟಿಕೊಂಡ ಉಸಿರಾಟ.

ಅದು ನಡೆಯುವ ಬಗೆ ಹೀಗೆ. ಚೇಂಬರಿನಲ್ಲಿ ಆಯಿಲ್ ಮೇಲಿನ ಗೆರೆ ದಾಟಿ ಏರಿದರೆ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಕ್ರ್ಯಾಂಕು ಅದಕ್ಕೆ ಬಡಿಯತೊಡಗುತ್ತದೆ, ಮಜ್ಜಿಗೆ ಕಡೆದ ಹಾಗೆ ನೊರೆ ಏಳುತ್ತದೆ. ನೊರೆಯೆಂದರೆ ಗಾಳಿ ಬೆರೆತ ಎಣ್ಣೆ, ಪಂಪು ಅದನ್ನು ಎಳೆದಾಗ ಬೇರಿಂಗಿಗೆ ಎಣ್ಣೆಯ ಬದಲು ಗುಳ್ಳೆ ಹೋಗುತ್ತದೆ, ಪ್ರೆಷರ್ ಇಳಿಯುತ್ತದೆ. ಒಳಗೆ ತುಂಬಿದ ಎಣ್ಣೆ ಸಿಲಿಂಡರಿನ ಗೋಡೆಗೆ ಮಿತಿಮೀರಿ ಸಿಡಿದು, ಸವೆದ ರಿಂಗಿನ ಪಕ್ಕದಿಂದ ಮೇಲೇರಿ ಉರಿಯುತ್ತದೆ; ಸೈಲೆನ್ಸರಿನಲ್ಲಿ ನೀಲಿ ಹೊಗೆ. ಅದೇ ಸವೆದ ರಿಂಗಿನ ಪಕ್ಕದಿಂದ ಗ್ಯಾಸು ಕೆಳಗಿಳಿಯುವುದಕ್ಕೆ ಶೆಡ್ಡಿನವರು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಆ ಗ್ಯಾಸು ಹೊರಹೋಗಲೆಂದೇ ಇಂಜಿನ್ನಿಗೆ ಬ್ರೀದರ್ ಕೊಳವೆ ಇದೆ. ದೂಳು, ಕೆಸರೆಣ್ಣೆ ಸೇರಿ ಅದು ಕಟ್ಟಿದರೆ ಒತ್ತಡಕ್ಕೆ ಹಾದಿ ಇಲ್ಲ. ಆಗ ಅದು ಹಾದಿ ಮಾಡಿಕೊಳ್ಳುವುದು ದುರ್ಬಲವಾದ ಕಡೆ: ಟ್ಯಾಪೆಟ್ ಕವರಿನ ಪ್ಯಾಕಿಂಗು, ಮುಂದಿನ ಟೈಮಿಂಗ್ ಕವರು, ಮತ್ತು ಹಿಂದುಗಡೆಯ ಆ ರಬ್ಬರಿಲ್ಲದ ಸಂದಿ.

ಇನ್ನು ಮುಂದಿನದು ಮನುಷ್ಯನ ಪಾಲು. ಯಜಮಾನ ಬೆಳಗೆದ್ದು ಕಾರಿನ ಕೆಳಗೆ ಎಣ್ಣೆ ನೋಡುತ್ತಾನೆ. ‘ಅಯ್ಯೋ ಸೋರಿಹೋಯ್ತು’ ಎಂದು ಅರ್ಧ ಲೀಟರ್ ಸುರಿಯುತ್ತಾನೆ. ಮಟ್ಟ ಏರಿದ್ದಕ್ಕೆ ಸೋರುವುದು ಹೆಚ್ಚುತ್ತದೆ. ಹೆಚ್ಚಿತೆಂದು ಇನ್ನರ್ಧ ಲೀಟರ್. ಕಡೆಗೊಂದು ದಿನ ಹ್ಯಾಂಡ್ ಪೋಸ್ಟಿನಂಥ ಕಡೆ ಹೊಗೆಯುಗುಳುತ್ತಾ ನಿಂತು, ‘ಇಂಜಿನ್ ಕೆಲಸ ಬಂದೈತಾ ನೋಡಣ್ಣ’ ಎನ್ನುತ್ತಾನೆ. ಮೇಸ್ತ್ರಿ ಒಳ್ಳೆಯವನಾದರೆ ಇಂಜಿನ್ ಇಳಿಸುವ ಮಾತೆತ್ತದೆ ಮೊದಲು ಕಡ್ಡಿ ಎಳೆಯುತ್ತಾನೆ. ‘ಸಾರ್, ಆಯಿಲ್ ಕುತ್ಗೆಗಂಟ ಐತೆ, ಸೋರ್ದೆ ಇನ್ನೇನ್ ಮಾಡ್ತದೆ?’

ಕಡ್ಡಿ ನೋಡುವುದರಲ್ಲೂ ತಪ್ಪು ಸುಲಭ. ಓಡಿಸಿ ಬಂದ ತಕ್ಷಣ ಎಳೆದರೆ ಎಣ್ಣೆ ಇನ್ನೂ ಮೇಲೆಲ್ಲ ಹರಡಿರುತ್ತದೆ, ಮಟ್ಟ ಕಮ್ಮಿ ಕಾಣುತ್ತದೆ. ಓರೆ ನೆಲದಲ್ಲಿ ನೋಡಿದರೆ ಒಂದೋ ಹೆಚ್ಚು, ಇಲ್ಲವೇ ಕಮ್ಮಿ. ಸಮನೆಲದಲ್ಲಿ ನಿಲ್ಲಿಸಿ, ಬಂದ್ ಮಾಡಿ, ಒಂದು ಕಾಫಿ ಕುಡಿಯುವಷ್ಟು ಹೊತ್ತು ಬಿಟ್ಟು, ಕಡ್ಡಿ ಒರೆಸಿ, ಪೂರ್ತಿ ಒಳಕ್ಕೆ ಬಿಟ್ಟು ತೆಗೆದು ನೋಡಬೇಕು. ಹೆಚ್ಚಿನ ಕಾರುಗಳಲ್ಲಿ ಎರಡು ಗೆರೆಗಳ ನಡುವಿನ ಅಂತರ ಸುಮಾರು ಒಂದು ಲೀಟರು. ಅಂದರೆ ಕೆಳಗಿನ ಗೆರೆಗೆ ಹತ್ತಿರವಿದೆಯೆಂದು ಎರಡು ಲೀಟರ್ ಸುರಿದವನು ಆಗಲೇ ತೊಂದರೆ ತಂದುಕೊಂಡಿದ್ದಾನೆ.

ಹಾಕದಿದ್ದರೂ ಮಟ್ಟ ಏರುವುದುಂಟು, ಮತ್ತು ಅಪಾಯದ ಸೂಚನೆ ಅದೇ. ಅಂಬಾಸಿಡರಿನ ಪೆಟ್ರೋಲ್ ಪಂಪು ಇಂಜಿನ್ನಿನ ಪಕ್ಕಕ್ಕೆ ಕೂತು ಕ್ಯಾಮ್ ಶಾಫ್ಟಿನಿಂದ ಓಡುತ್ತದೆ. ಅದರೊಳಗಿನ ಡಯಾಫ್ರಾಂ ತೂತಾದರೆ ಪೆಟ್ರೋಲು ಸದ್ದಿಲ್ಲದೆ ಚೇಂಬರಿಗೆ ಇಳಿಯುತ್ತದೆ. ಕಡ್ಡಿಯಲ್ಲಿ ಆಯಿಲ್ ತುಂಬಿದಂತೆ ಕಾಣುತ್ತದೆ, ನಿಜದಲ್ಲಿ ಅದು ತೆಳ್ಳಗಾಗಿ ಬೇರಿಂಗನ್ನು ತಿನ್ನುತ್ತಿರುತ್ತದೆ. ಹಳೆಯ ಮೇಸ್ತ್ರಿಗಳು ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿಯುವುದು ಅದಕ್ಕೆ. ಹೆಡ್ ಪ್ಯಾಕಿಂಗ್ ಹೋಗಿ ನೀರು ಸೇರಿದ್ದರೆ ಬಣ್ಣವೇ ಹೇಳುತ್ತದೆ, ಹಾಲು ಬೆರೆತಂತೆ ಬೆಳ್ಳಗಾಗಿರುತ್ತದೆ. ಡೀಸೆಲ್ ಇಂಜಿನ್ನಿನಲ್ಲಂತೂ ಹುಡುಗಾಟವಲ್ಲ: ಮಿತಿಮೀರಿದ ಆಯಿಲು ಬ್ರೀದರಿನ ಮೂಲಕವೋ ಉಕ್ಕಿದ ಆಯಿಲ್ ಬಾತ್ ಏರ್ ಕ್ಲೀನರಿನ ಮೂಲಕವೋ ಉಸಿರಿನ ಜೊತೆ ಒಳಕ್ಕೆ ಹೋದರೆ ಇಂಜಿನ್ನು ಅದನ್ನೇ ಡೀಸೆಲ್ಲಿನಂತೆ ಉರಿಸಿಕೊಂಡು ಕಿರುಚುತ್ತಾ ಏರುತ್ತದೆ. ಕೀ ತಿರುಗಿಸಿದರೂ, ಡೀಸೆಲ್ ಕಟ್ ಮಾಡಿದರೂ ನಿಲ್ಲುವುದಿಲ್ಲ. ಗಾಳಿ ಒಳಹೋಗುವ ದಾರಿ ಮುಚ್ಚಿದರೆ ಮಾತ್ರ ನಿಲ್ಲುತ್ತದೆ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಜನ ಬೆರಗಾದದ್ದು ಅದರ ಓಟಕ್ಕೆ ಮಾತ್ರವಲ್ಲ. ರಾತ್ರಿಯಿಡೀ ನಿಂತರೂ ಕೆಳಗೆ ಒಂದು ಹನಿಯಿಲ್ಲ! ರಬ್ಬರಿನ ತುಟಿಯ ಸೀಲುಗಳು, ಬ್ಯಾಕ್ ಕಂಪ್ರೆಷನ್ನಿನ ಹೊಗೆಯನ್ನು ಮತ್ತೆ ಇಂಜಿನ್ನೇ ಎಳೆದು ಉರಿಸುವ ಏರ್ಪಾಡು. ಸೋರುವುದು ಯಂತ್ರದ ಸ್ವಭಾವವಲ್ಲ, ದೋಷ ಎಂದು ಸಾಮಾನ್ಯ ಜನರಿಗೆ ಮೊದಲ ಸಲ ಅನ್ನಿಸಿದ್ದು ಆಗಲೇ ಇರಬೇಕು. ಆದರೆ ಹೊಸ ಕಾರಿಗೆ ಹಳೆಯ ಕೈ. ಅಂಬಾಸಿಡರಿಗೆ ನಾಲ್ಕು ಲೀಟರಿನ ಡಬ್ಬಿ ಒಡೆದು ಸುರಿದು ರೂಢಿಯಾದವನಿಗೆ, ಸುಮಾರು ಮೂರು ಲೀಟರ್ ಹಿಡಿಯುವ ಪುಟ್ಟ ಇಂಜಿನ್ನಿಗೆ ಡಬ್ಬಿಯಲ್ಲಿ ಉಳಿಸಿ ಇಡುವುದು ಜಿಪುಣತನವಾಗಿ ಕಂಡಿತು.

ಆಯಿಲ್ ಕಂಪನಿಗಳೂ ಈ ನಡುವೆ ಬದಲಾದವು. ಎಸ್ಸೊ 1974ರಲ್ಲಿ, ಬರ್ಮಾ ಶೆಲ್ 1976ರಲ್ಲಿ ಸರ್ಕಾರದ ಕೈಗೆ ಬಂದು ಹಿಂದೂಸ್ತಾನ್ ಪೆಟ್ರೋಲಿಯಂ, ಭಾರತ್ ಪೆಟ್ರೋಲಿಯಂ ಆದವು. ಇಂಡಿಯನ್ ಆಯಿಲ್ 1972ರಲ್ಲಿ ಸರ್ವೋ ತಂದಿತ್ತು. ಹಳೆಯ ಇಂಜಿನ್ನುಗಳಿಗೆ 20ಡಬ್ಲ್ಯು–40 ಎಂಬ ದಪ್ಪನೆಯ ಆಯಿಲೇ ಹೊಂದುತ್ತದೆ. ಹೊಸ ಕಾರಿನ ತೆಳು ಸಿಂಥೆಟಿಕ್ ಆಯಿಲ್ ‘ದುಬಾರಿ, ಆದ್ದರಿಂದ ಒಳ್ಳೆಯದು’ ಎಂದು ಹಳೆಯ ಅಂಬಾಸಿಡರಿಗೆ ಹಾಕಿಸಿದರೆ ರಬ್ಬರಿಲ್ಲದ ಆ ಸಂದಿಯಲ್ಲಿ ಅದು ನಿಲ್ಲುವ ಮಾತೇ ಇಲ್ಲ. ಬಿಡಿಭಾಗ ಬೇಕಾದವರು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುತ್ತಾರೆ, ಅಲ್ಲೂ ಸಿಗದಿದ್ದರೆ ಶಿವಾಜಿನಗರದ ಗುಜರಿಗೆ.

ಈಗ ಹಳೆಯ ಕಾರು ಇಟ್ಟುಕೊಳ್ಳುವುದೇ ದುಬಾರಿ. 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಇನ್ನೊಂದು ಕಡೆ 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮ 50 ವರ್ಷ ಮೀರಿದ, ಮೂಲರೂಪ ಕೆಡದ ವಾಹನಗಳನ್ನು ವಿಂಟೇಜ್ ಎಂದು ಬೇರೆಯಾಗಿ ನೋಂದಾಯಿಸಲು ಅವಕಾಶ ಕೊಟ್ಟಿದೆ. 1970ರ ದಶಕದ ಮೊದಲ ಅರ್ಧದ ಅಂಬಾಸಿಡರ್, ಫಿಯೆಟ್, ಜೀಪು ಇಟ್ಟುಕೊಂಡವರಿಗೆ ಈ ದಾರಿ ತೆರೆದಿದೆ. ಅಂಥವರ ಕಾರು ಸೋರುತ್ತಿದ್ದರೆ ಇಂಜಿನ್ ಬಿಚ್ಚಿಸುವ ಮುಂಚೆ ಮೂರು ಕೆಲಸ ಮಾಡಿಸುವುದು ವಾಸಿ. ಕಡ್ಡಿ ಸರಿಯಾಗಿ ನೋಡಿಸಿ, ಹೆಚ್ಚಿದ್ದರೆ ಡ್ರೈನ್ ನಟ್ಟು ಸಡಿಲಿಸಿಯೋ ಕಡ್ಡಿಯ ತೂತಿಗೆ ಸಣ್ಣ ಪೈಪ್ ಇಳಿಬಿಟ್ಟು ಸಿರಿಂಜಿನಿಂದ ಎಳೆದೋ ಮೇಲಿನ ಗೆರೆಗಿಂತ ಕೆಳಕ್ಕೆ ಇಳಿಸುವುದು. ಬ್ರೀದರ್ ಕೊಳವೆ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಸುವುದು. ಇಂಜಿನ್ ಸ್ಟಾರ್ಟಿನಲ್ಲಿಟ್ಟು ಆಯಿಲ್ ಹಾಕುವ ಮುಚ್ಚಳ ತೆಗೆದು ಹೊಗೆ ಬುಸ್ಸೆನ್ನುತ್ತದೆಯೇ ನೋಡುವುದು. ಬುಸ್ಸೆಂದರೆ ರಿಂಗಿನ ಕೆಲಸ. ಇಲ್ಲದಿದ್ದರೆ ಸಾಕಷ್ಟು ಸಲ ಸೋರಿಕೆ ಅಷ್ಟರಲ್ಲೇ ಹನಿಗೆ ಇಳಿದಿರುತ್ತದೆ. ಅಂಬಾಸಿಡರಿನ ಹಿಂದಿನ ಹನಿ ಪೂರ್ತಿ ನಿಲ್ಲಿಸಿಕೊಡುತ್ತೇನೆ ಎನ್ನುವ ಮೇಸ್ತ್ರಿಯ ಮಾತನ್ನು ನಂಬಬೇಕಾಗಿಲ್ಲ.

ಹಾಗೆ ಇಳಿಸಿದ ಆಯಿಲನ್ನು ಏನು ಮಾಡಬೇಕು ಎಂಬುದು ಉಳಿದ ಪ್ರಶ್ನೆ. ಸುಟ್ಟ ಆಯಿಲಿಗೆ ಹಳ್ಳಿಯಲ್ಲಿ ಬೇಡಿಕೆ ಯಾವತ್ತೂ ಇದೆ: ಗೆದ್ದಲು ಹಿಡಿಯದಿರಲೆಂದು ಬಾಗಿಲು, ತೊಲೆ, ಬೇಲಿಗೂಟಕ್ಕೆ; ಸೆಂಟ್ರಿಂಗ್ ಹಲಗೆಗೆ; ಡನ್‌ಲಪ್ ಟೈರಿನ ಗಾಡಿ ಬಂದು ಬೇರಿಂಗಿಗೆ ಗ್ರೀಸ್ ಸಿಗುವವರೆಗೆ ಮರದ ಚಕ್ರದ ಅಚ್ಚಿಗೂ ಅದೇ. ಹರಳೆಣ್ಣೆಯ ಜಾಗಕ್ಕೆ ಅದು ಪುಕ್ಕಟೆಯಾಗಿ ಬಂತು. ಆದರೆ ಹರಳೆಣ್ಣೆಯಂತೆ ಇದು ನಿರಪಾಯವಲ್ಲ. ಇಂಜಿನ್ನಿನಲ್ಲಿ ಉರಿದ ಆಯಿಲಿನಲ್ಲಿ ಸವೆದ ಲೋಹವೂ ಕ್ಯಾನ್ಸರಿಗೆ ಕಾರಣವಾಗಬಲ್ಲ ರಾಸಾಯನಿಕಗಳೂ ಇರುತ್ತವೆ. ಬರಿಗೈಯಲ್ಲಿ ಬಳಿಯುವಂಥದ್ದಲ್ಲ, ಕೆರೆ ಅಂಗಳಕ್ಕೆ, ತೋಟದ ಬದುವಿಗೆ ಚೆಲ್ಲುವಂಥದ್ದಂತೂ ಅಲ್ಲವೇ ಅಲ್ಲ. ಅಪಾಯಕಾರಿ ತ್ಯಾಜ್ಯದ 2016ರ ನಿಯಮಗಳಿಗೆ 2023ರಲ್ಲಿ ತಂದ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಬಳಸಿದ ಆಯಿಲನ್ನು ವಾಪಸು ಪಡೆದು ಶುದ್ಧೀಕರಣಕ್ಕೆ ಕಳಿಸುವ ಹೊಣೆಯನ್ನು ಅದನ್ನು ತಯಾರಿಸುವವರ ಮೇಲೇ ಹೊರಿಸಿದೆ. ಕಾರಿನಿಂದ ಇಳಿಸಿದ್ದನ್ನು ಹಳೆಯ ಡಬ್ಬಿಗೆ ತುಂಬಿ ಮುಚ್ಚಳ ಹಾಕಿ, ನೋಂದಾಯಿತ ಸಂಗ್ರಹಗಾರರಿಗೆ ಕೊಡುವ ಸರ್ವಿಸ್ ಸ್ಟೇಷನ್ನಿಗೆ ತಲುಪಿಸಿ.